ಬೆಳತೂರಿನ ಶಾಸನ ಹೇಳುವುದು

ಹಿಂದಿನವರನ್ನು ಇಂದಿನ ತಕ್ಕಡಿಯಲ್ಲಿ ತೂಗಬಾರದು ಎಂಬುದು ಇತಿಹಾಸ ಬರೆಯುವವರ ಹಳೆಯ ಮಾತು. ಅಂದಿನ ತಕ್ಕಡಿಯಾದರೂ ಒಂದೇ ಇತ್ತೇ? ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ 1057ರ ಶಾಸನವನ್ನೇ ನೋಡಿ. ಗಂಡ ಏಚನಿಗೆ ಮರಣದಂಡನೆಯಾಯಿತೆಂದು ಕೇಳಿ ದೇಕಬ್ಬೆ ಬೆಂಕಿಗೆ ಬೀಳಲು ಹೊರಡುತ್ತಾಳೆ. ಹೆತ್ತವರು, ಬಂಧುಗಳು ಬೇಡವೆಂದು ಗೋಗರೆಯುತ್ತಾರೆ, ಅವಳು ಕೇಳುವುದಿಲ್ಲ. ಆಕೆಯನ್ನು ಕೊಂಡಾಡಲೆಂದೇ ನಿಲ್ಲಿಸಿದ ಕಲ್ಲು ಆ ಗೋಗರೆತವನ್ನು ಮರೆಮಾಚಿಲ್ಲ ಎಂಬುದು ಗಮನಾರ್ಹ. ಅದಕ್ಕೂ ನಾಲ್ಕು ಶತಮಾನ ಹಿಂದೆಯೇ ಬಾಣಭಟ್ಟ ‘ಕಾದಂಬರಿ’ಯಲ್ಲಿ ಸತ್ತವರ ಹಿಂದೆ ಸಾಯುವುದನ್ನು ನಿಷ್ಫಲವೆಂದು, ಅವಿವೇಕಿಗಳ ದಾರಿಯೆಂದು ಖಂಡಿಸಿದ್ದ. ‘ಕಾಲವೇ ಹಾಗಿತ್ತು’ ಎಂದು ಕೈತೊಳೆದುಕೊಳ್ಳುವ ಇತಿಹಾಸಕಾರ ಈ ದನಿಗಳನ್ನೇ ಅಳಿಸಿಹಾಕುತ್ತಾನೆ. ಅದು ನಿಷ್ಪಕ್ಷಪಾತವಲ್ಲ, ಗೆದ್ದವರ ಪಕ್ಷಪಾತ.

ಹಾಗೆಂದು ದೇಕಬ್ಬೆಯನ್ನು ದೂಷಿಸಬೇಕಿಲ್ಲ. ಶೋಕದಲ್ಲಿದ್ದವಳ ಮೇಲೆ ತೀರ್ಪು ಕೊಡಲು ನಾವಾರು? ಆದರೆ ಹೆಣ್ಣು ಬೆಂಕಿಗೆ ಬಿದ್ದರೆ ಕಲ್ಲು ನಿಲ್ಲಿಸಿ ಕೈಮುಗಿದ ಸಮಾಜದ ಹೊಣೆಯನ್ನು ಹೇಳಲೇಬೇಕು. ಹೀಗೆ ನಿಲ್ಲಿಸಿದ ಮಾಸ್ತಿಕಲ್ಲುಗಳ ಪಾಠದಲ್ಲಿ ಬಳೆತೊಟ್ಟು ಮೇಲೆತ್ತಿದ ಕೈಯ ಶಿಲ್ಪದ ವರ್ಣನೆಯೊಂದೇ ಸಾಲದು. ಶಿಕ್ಷಕರು ಈ ಶಾಸನದ ಪೂರ್ತಿ ಕಥೆಯನ್ನೂ ಮಕ್ಕಳ ಮುಂದಿಡಲಿ.