ಸಪ್ಲಿಮೆಂಟ್ ಅಂಗಡಿಯಲ್ಲಿ ಸಲಹೆ ಕೊಡುವವರು ಯಾರು?

ಈಗ ಯಾವುದೇ ಜಿಲ್ಲಾ ಕೇಂದ್ರಕ್ಕೆ ಹೋದರೂ ಜಿಮ್ ಇರುವ ರಸ್ತೆಯಲ್ಲಿ ಒಂದು ಸಪ್ಲಿಮೆಂಟ್ ಅಂಗಡಿ ಕಾಣಿಸುತ್ತದೆ. ಗಾಜಿನ ಬಾಗಿಲು, ಒಳಗೆ ಸಾಲಾಗಿ ಪ್ರೋಟೀನ್ ಡಬ್ಬಿಗಳು, ಮಲ್ಟಿವಿಟಮಿನ್ ಮಾತ್ರೆಗಳು, ಮೀನೆಣ್ಣೆ ಕ್ಯಾಪ್ಸೂಲ್, ಕೂದಲಿಗೆಂದು ಬಯೋಟಿನ್ ಗಮ್ಮಿ. ಗಿರಾಕಿಗಳಲ್ಲಿ ಬಹಳಷ್ಟು ಮಂದಿ ಕಾಲೇಜು ವಿದ್ಯಾರ್ಥಿಗಳು, ಪೊಲೀಸ್ ಮತ್ತು ಸೇನಾ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಿ ನಡೆಸುತ್ತಿರುವವರು. ಕೌಂಟರಿನ ಹಿಂದೆ ನಿಂತವರೂ ನಮ್ಮ ವಯಸ್ಸಿನವರೇ. ಪದವಿ ಮುಗಿಸಿ ನೇಮಕಾತಿ ಅಧಿಸೂಚನೆಗೆ ಕಾಯುತ್ತಿದ್ದಾಗ ಎಂಟು ತಿಂಗಳು ನಾನೂ ಅಂಥ ಒಂದು ಅಂಗಡಿಯಲ್ಲಿ ಕೆಲಸ ಮಾಡಿದೆ. ಈ ವ್ಯಾಪಾರದ ಬಗ್ಗೆ ನನ್ನನ್ನು ಕಾಡುವ ಪ್ರಶ್ನೆ ಒಂದೇ: ಇಲ್ಲಿ ಆರೋಗ್ಯದ ಸಲಹೆ ಕೊಡುವವರಿಗೆ ಆ ಅರ್ಹತೆ ಇರಬೇಕೆಂದು ಯಾರೂ ಏಕೆ ಕೇಳುವುದಿಲ್ಲ?

ಅಂಗಡಿಗೆ ಸಲಹೆಯೇ ಬಂಡವಾಳ. ಅದೇ ಡಬ್ಬಿ ಆನ್‌ಲೈನ್‌ನಲ್ಲಿ ಹಲವು ಸಲ ಕಡಿಮೆ ಬೆಲೆಗೆ ಸಿಗುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 1935ರಲ್ಲಿ ಶುರುವಾಗಿ ಜಗತ್ತಿನಾದ್ಯಂತ ಮಳಿಗೆ ತೆರೆದ ಜಿಎನ್‌ಸಿ ಕಂಪನಿಯೇ 2020ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಸಾಲದ ಹೊರೆ, ಆನ್‌ಲೈನ್ ಪೈಪೋಟಿಯ ಜೊತೆಗೆ ಕೋವಿಡ್ ಕೂಡ ಅದನ್ನು ಹಣಿಯಿತು. ಹೀಗಿರುವಾಗ ನಮ್ಮೂರಿನ ಅಂಗಡಿ ಉಳಿದಿರುವುದು ಎರಡು ಕಾರಣಕ್ಕೆ. ಒಂದು, ನಕಲಿ ಮಾಲಿನ ಭಯ. ಇನ್ನೊಂದು, ‘ನನಗೆ ಯಾವುದು ಸರಿಹೋಗುತ್ತೆ ಸರ್?’ ಎಂದು ಕೇಳಲು ಅಲ್ಲೊಬ್ಬರು ಇರುತ್ತಾರೆ ಎಂಬುದು.

ಈ ಪ್ರಶ್ನೆಗೆ ಉತ್ತರಿಸುವವರ ಬಗ್ಗೆ ಕಾನೂನು ಏನು ಹೇಳುತ್ತದೆ? ಔಷಧ ಅಂಗಡಿಗೆ ಪ್ರತ್ಯೇಕ ಪರವಾನಗಿ ಬೇಕು. ವೈದ್ಯರ ಚೀಟಿ ನೋಡಿ ಔಷಧ ಕೊಡುವವರು 1948ರ ಫಾರ್ಮಸಿ ಕಾಯ್ದೆಯಂತೆ ನೋಂದಾಯಿತ ಫಾರ್ಮಾಸಿಸ್ಟ್ ಆಗಿರಬೇಕು. ಸಪ್ಲಿಮೆಂಟ್ ಹಾಗಲ್ಲ. 2006ರ ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ ಅದು ಆಹಾರ. ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಇದ್ದರೆ ಬಿಸ್ಕತ್ತು ಮಾರಿದಂತೆಯೇ ಇದನ್ನೂ ಮಾರಬಹುದು. ‘ಔಷಧೀಯ ಬಳಕೆಗಲ್ಲ’ ಎಂದು ಲೇಬಲ್ ಮೇಲೆ ಮುದ್ರಿಸುವುದು ಕಡ್ಡಾಯ. ಆದರೆ ಕೌಂಟರಿನಲ್ಲಿ ನಡೆಯುವ ಮಾತೆಲ್ಲ ಸುಸ್ತು, ಕೂದಲು ಉದುರುವುದು, ಮಂಡಿನೋವು, ತೂಕ, ನಿದ್ದೆಯ ಬಗ್ಗೆಯೇ. ಲೇಬಲ್ ಆಹಾರ ಎನ್ನುತ್ತದೆ, ಬಾಯಿ ಔಷಧ ಎನ್ನುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ನನ್ನ ಹುದ್ದೆಯ ಹೆಸರು ‘ನ್ಯೂಟ್ರಿಷನ್ ಅಡ್ವೈಸರ್’. ಓದಿದ್ದು ಬಿ.ಕಾಂ. ತರಬೇತಿ ಮೂರು ದಿನ, ಅದನ್ನು ನಡೆಸಿದ್ದು ಬ್ರ್ಯಾಂಡ್‌ಗಳ ಮಾರಾಟ ಪ್ರತಿನಿಧಿಗಳು. ಸಂಬಳ ತಿಂಗಳಿಗೆ 13 ಸಾವಿರ. ಅದರ ಮೇಲೆ ಇನ್‌ಸೆಂಟಿವ್. ಆದರೆ ಎಲ್ಲ ಡಬ್ಬಿಗೂ ಒಂದೇ ಇನ್‌ಸೆಂಟಿವ್ ಇರಲಿಲ್ಲ. ಯಾವ ಬ್ರ್ಯಾಂಡ್‌ನಲ್ಲಿ ಅಂಗಡಿಗೆ ಹೆಚ್ಚು ಲಾಭವೋ ಅದನ್ನು ಮಾರಿದವರಿಗೆ ಹೆಚ್ಚು. ಪ್ರೋಟೀನ್ ಕೊಳ್ಳಲು ಬಂದವರಿಗೆ ಮಲ್ಟಿವಿಟಮಿನ್ ಜೋಡಿಸಿದರೆ ಇನ್ನೂ ಹೆಚ್ಚು. ‘ನಿಮಗೆ ಇದು ಬೇಕಿಲ್ಲ’ ಎಂಬ ಸಲಹೆಗೆ ಮಾತ್ರ ಇನ್‌ಸೆಂಟಿವ್ ಇಲ್ಲ. ಬಾಡಿಗೆ ಕಟ್ಟಬೇಕಾದ ಹುಡುಗ ಯಾವ ಸಲಹೆ ಕೊಡುತ್ತಾನೆ ಎಂಬುದು ಹೀಗೆ ಗಿರಾಕಿ ಬಾಗಿಲು ತೆರೆಯುವ ಮೊದಲೇ ನಿರ್ಧಾರವಾಗಿರುತ್ತದೆ. ಅವನ ಮೇಲಷ್ಟೇ ಬೆರಳು ತೋರಿಸುವುದು ಸುಲಭ, ನ್ಯಾಯವಲ್ಲ.

ಸಲಹೆಯ ಮಾತು ಹಾಗಿರಲಿ, ಡಬ್ಬಿಯ ಮೇಲೆ ಬರೆದದ್ದಾದರೂ ನಿಜವೇ? ಕೇರಳದ ಯಕೃತ್ ತಜ್ಞ ಡಾ. ಸಿರಿಯಾಕ್ ಆ್ಯಬಿ ಫಿಲಿಪ್ಸ್ ಮತ್ತು ಸಂಗಡಿಗರು ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಶೇ 70ರಷ್ಟರಲ್ಲಿ ಪ್ರೋಟೀನ್ ಕುರಿತ ಮಾಹಿತಿ ಸರಿಯಿರಲಿಲ್ಲ. ಸುಮಾರು ಶೇ 14ರಷ್ಟರಲ್ಲಿ ಶಿಲೀಂಧ್ರದಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷಾಂಶ ಸಿಕ್ಕಿತು. ಕೌಂಟರಿನಲ್ಲಿ ನಿಂತು ನೋಡಿದರೆ ಇದ್ಯಾವುದೂ ಗೊತ್ತಾಗುವಂಥದ್ದಲ್ಲ, ಮಾರುವವನಿಗೂ ಗೊತ್ತಾಗುವುದಿಲ್ಲ.

ಬೆಲೆಯ ಲೆಕ್ಕವನ್ನೂ ನೋಡೋಣ. ನಾನಿದ್ದಾಗ ಒಂದು ಕೆ.ಜಿ. ವೇ ಪ್ರೋಟೀನ್ ಸುಮಾರು 3,000 ರೂಪಾಯಿ. ಅದರಲ್ಲಿ 750 ಗ್ರಾಂ ಪ್ರೋಟೀನ್ ಇದೆ ಎಂದುಕೊಂಡರೂ ಗ್ರಾಂಗೆ 4 ರೂಪಾಯಿ. 7 ರೂಪಾಯಿಯ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ, ಗ್ರಾಂಗೆ ಒಂದು ರೂಪಾಯಿ ಚಿಲ್ಲರೆ. ಕೆ.ಜಿ.ಗೆ 100 ರೂಪಾಯಿಯ ಹುರುಳಿಕಾಳಿನಲ್ಲಿ ಸುಮಾರು 220 ಗ್ರಾಂ ಇರುತ್ತದೆ, ಗ್ರಾಂಗೆ 50 ಪೈಸೆಯೂ ಬೀಳುವುದಿಲ್ಲ. ಕಾಳಿನ ಪ್ರೋಟೀನ್‌ಗಿಂತ ಮೊಟ್ಟೆ, ಹಾಲಿನದು ಮೇಲು ಎಂಬುದು ನಿಜ. ಹಾಗೆಂದು ನಮಗೆ ಬೇಕಿರುವುದಾದರೂ ಎಷ್ಟು? ಐಸಿಎಂಆರ್ ಶಿಫಾರಸಿನಂತೆ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ. ಅಂದರೆ 60 ಕೆ.ಜಿ. ತೂಗುವವರಿಗೆ 50 ಗ್ರಾಂ. ನೂರು ಗ್ರಾಂ ಕಾಳು, ಅರ್ಧ ಲೀಟರ್ ಹಾಲು, ಎರಡು ಮೊಟ್ಟೆಯಲ್ಲೇ ಅದು ಮುಗಿಯುತ್ತದೆ. ಅನ್ನ, ಮುದ್ದೆಯಲ್ಲಿ ಇರುವುದು ಮೇಲಿನ ಲಾಭ. ಕಠಿಣ ಕಸರತ್ತು ಮಾಡುವವರಿಗೆ ಇನ್ನಷ್ಟು ಬೇಕಾದರೂ ಅದನ್ನು ತಟ್ಟೆಯಲ್ಲೇ ಹೊಂದಿಸಬಹುದು. ದೇಹ ಬೆಳೆಸಲೆಂದು ಪ್ರೋಟೀನ್ ಪುಡಿ ಬಳಸಬೇಡಿ ಎಂದು ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲೇ ಹೇಳಿವೆ. ಹಾಸ್ಟೆಲ್ ಊಟದ ತಿಳಿಸಾರಿನಲ್ಲಿ ಕಾಳು ಹುಡುಕಬೇಕಾದ ಸ್ಥಿತಿ ಇದ್ದರೆ, ಕೇಳಬೇಕಾದದ್ದು ಒಳ್ಳೆಯ ಸಾರನ್ನು.

ಪೂರಕಗಳು ಯಾರಿಗೂ ಬೇಡ ಎಂಬುದು ನನ್ನ ವಾದವಲ್ಲ. ಬಿ12 ಮತ್ತು ವಿಟಮಿನ್ ಡಿ ಕೊರತೆ ನಮ್ಮಲ್ಲಿ ಸಾಮಾನ್ಯ, ಅದರಲ್ಲೂ ಬಿ12 ಸಸ್ಯಾಹಾರಿಗಳಿಗೆ ಕಷ್ಟವೇ. ಆದರೆ ಕೊರತೆ ಇದೆಯೇ ಎಂದು ಹೇಳುವುದು ರಕ್ತಪರೀಕ್ಷೆ ಮತ್ತು ವೈದ್ಯರು. ವಿಟಮಿನ್ ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ತೊಂದರೆಯಾಗುತ್ತದೆ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಮತ್ತು ಹೃದಯಾಘಾತದ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು ಎಂದು ಅಮೆರಿಕದ ಎಫ್‌ಡಿಎ 2017ರಲ್ಲಿ ಎಚ್ಚರಿಸಿತ್ತು. ಇನ್ನೊಂದೆಡೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಬೇಕಾದ ಕಬ್ಬಿಣಾಂಶದ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಆ ಎಂಟು ತಿಂಗಳಲ್ಲಿ ಅದನ್ನು ಮಾರಿ ಎಂದು ನನಗೆ ಯಾರೂ ಟಾರ್ಗೆಟ್ ಕೊಡಲಿಲ್ಲ. ಮಾರುಕಟ್ಟೆ ಬೆಳೆದಿರುವುದು ಕೊರತೆ ಇರುವ ಕಡೆಗಲ್ಲ, ಜೇಬು ಇರುವ ಕಡೆಗೆ.

ಪೂರಕಗಳನ್ನು ಔಷಧ ನಿಯಂತ್ರಣದ ವ್ಯಾಪ್ತಿಗೆ ತರಬೇಕೇ ಎಂದು ಪರಿಶೀಲಿಸಲು ಕೇಂದ್ರ ಸರ್ಕಾರ 2024ರಲ್ಲಿ ಸಮಿತಿ ರಚಿಸಿತ್ತು. ಎಲ್ಲವನ್ನೂ ಔಷಧ ಎಂದು ಕರೆದರೆ ಸಣ್ಣ ಅಂಗಡಿಗಳು ಮುಚ್ಚಿ, ನಮ್ಮಂಥವರ ಕೆಲಸವೂ ಹೋಗಬಹುದು. ಅದಕ್ಕಿಂತ ಸರಳ ದಾರಿಗಳಿವೆ. ಇಂಥ ಅಂಗಡಿಯಲ್ಲಿ ಸಲಹೆ ಕೊಡುವವರಿಗೆ ಕಂಪನಿಗಳಿಗೆ ಸಂಬಂಧವಿಲ್ಲದ ಸಂಸ್ಥೆಯೊಂದರ ಪ್ರಮಾಣಪತ್ರ ಕಡ್ಡಾಯವಾಗಲಿ. ಬ್ರ್ಯಾಂಡ್ ನೋಡಿ ಕೊಡುವ ಇನ್‌ಸೆಂಟಿವ್ ನಿಲ್ಲಲಿ. ಆಹಾರ ವಿಜ್ಞಾನ, ಗೃಹವಿಜ್ಞಾನ ಓದಿ ಕೆಲಸ ಹುಡುಕುತ್ತಿರುವ ಪದವೀಧರರು ನಮ್ಮ ರಾಜ್ಯದಲ್ಲೇ ಇದ್ದಾರೆ, ಆ ಕೌಂಟರು ಅವರಿಗೆ ಸಿಗಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ಕೊಳ್ಳುವವರು ಲೇಬಲ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ನೋಡಿ, ಬಿಲ್ ಕೇಳಿ ಪಡೆಯಿರಿ. ಸಲಹೆ ಕೊಡುವವರನ್ನು ‘ನೀವು ಏನು ಓದಿದ್ದೀರಿ?’ ಎಂದು ಗೌರವದಿಂದಲೇ ಕೇಳಿ. ಕೆಲಸಕ್ಕೆ ಸೇರುವವರು ಸಂದರ್ಶನದಲ್ಲೇ ಎರಡು ಪ್ರಶ್ನೆ ಕೇಳಿ: ತರಬೇತಿ ಕೊಡುವವರು ಯಾರು, ಇನ್‌ಸೆಂಟಿವ್ ಯಾವುದರ ಮೇಲೆ? ಆ ಎರಡು ಉತ್ತರ ಕೇಳಿದರೆ ಸಾಕು, ನಾಳೆ ನಿಮ್ಮ ಬಾಯಿಂದ ಏನು ಹೇಳಿಸಲಿದ್ದಾರೆ ಎಂಬುದು ತಿಳಿಯುತ್ತದೆ.