ಸತ್ತ ಕೋಳಿ ಬೆಕ್ಕಿನ ಪಾಲಾಗದಿರಲಿ

ಹಿತ್ತಿಲಲ್ಲಿ ಕೋಳಿ ಸತ್ತರೆ ತಿಪ್ಪೆಗೆ ಎಸೆಯುವುದು, ಬೆಕ್ಕು ಎಳೆದೊಯ್ದರೆ ಅದರ ಹೊಟ್ಟೆಯಾದರೂ ತುಂಬಿತೆಂದು ಸುಮ್ಮನಾಗುವುದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಹಳೆಯ ರೂಢಿ. ಈ ರೂಢಿಯನ್ನು ಕೈಬಿಡುವ ಕಾಲ ಬಂದಿದೆ.

ಹಕ್ಕಿಜ್ವರದ ಎಚ್‌5ಎನ್‌1 ವೈರಾಣು ಈಗ ಹಕ್ಕಿಗಳಿಗಷ್ಟೇ ಸೀಮಿತವಲ್ಲ. 2023ರಲ್ಲಿ ಪೋಲೆಂಡಿನ ಸಾಕುಬೆಕ್ಕುಗಳು ಇದಕ್ಕೆ ಬಲಿಯಾದವು. 2024ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಸೋಂಕಿತ ಹಸುಗಳ ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು. ಅದೇ ಡಿಸೆಂಬರಿನಲ್ಲಿ ನಾಗಪುರದ ಗೋರೆವಾಡ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಅಸುನೀಗಿದವು. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡದ ಸಾಕುಬೆಕ್ಕುಗಳಲ್ಲಿಯೂ, ನಮ್ಮ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ವರದಹಳ್ಳಿಯ ಕೋಳಿಗಳಲ್ಲಿಯೂ ಇದು ಪತ್ತೆಯಾಯಿತು. ಆ ಮಾರ್ಚ್‌ನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗುವೊಂದು ಇದೇ ಸೋಂಕಿನಿಂದ ತೀರಿಕೊಂಡಿತು.

ಬೆಕ್ಕಿಗೆ ನೆಗಡಿ ಹೊಸದಲ್ಲ. ಹರ್ಪಿಸ್, ಕ್ಯಾಲಿಸಿ ವೈರಾಣುಗಳಿಂದ ಸೀನು, ಕಣ್ಣೀರು ಬರುತ್ತವೆ. ಬಹುಪಾಲು ಬೆಕ್ಕುಗಳು ಚೇತರಿಸಿಕೊಳ್ಳುತ್ತವೆ. ಹಕ್ಕಿಜ್ವರದ ಬಗೆ ಬೇರೆ. ಬೆಕ್ಕು ಊಟ ಬಿಟ್ಟು ಮಂಕಾಗುತ್ತದೆ, ಏದುಸಿರು ಬಿಡುತ್ತದೆ, ನಿಂತಲ್ಲೇ ಸುತ್ತುತ್ತದೆ, ಫಿಟ್ಸ್ ಬರುತ್ತದೆ. ಕೆಲವೇ ದಿನಗಳಲ್ಲಿ ಸಾಯಬಹುದು. ಬೆಕ್ಕಿನಿಂದ ಮನುಷ್ಯರಿಗೆ ಹರಡುವುದು ತೀರಾ ಅಪರೂಪ. ಆದರೂ ಎಚ್ಚರ ಬೇಕು.

ನಮ್ಮ ಬೆಟ್ಟಗಳ ಚಿರತೆಯೂ ಬೆಕ್ಕಿನ ಕುಲದ್ದೇ. ಗುಡ್ಡದ ಬುಡದಲ್ಲಿ ಕೋಳಿತ್ಯಾಜ್ಯ ಸುರಿದರೆ ನಾಯಿಗಳು ಸೇರುತ್ತವೆ, ನಾಯಿಗಳ ಬೆನ್ನಿಗೆ ಚಿರತೆ ಇಳಿಯುತ್ತದೆ. ಗೋರೆವಾಡದಲ್ಲಿ ಸತ್ತವನ್ನು ಲೆಕ್ಕವಾದರೂ ಇಟ್ಟರು. ನಮ್ಮ ಬೆಟ್ಟಗಳಲ್ಲಿ ಸತ್ತರೆ ಎಣಿಸುವವರೂ ಇರುವುದಿಲ್ಲ.

ಇದನ್ನೋದಿ ಯಾರೂ ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡುಕಟ್ಟುವ ಕೊಕ್ಕರೆಗಳತ್ತ ಕಲ್ಲೆತ್ತಬಾರದು. ಕಾಡುಹಕ್ಕಿಗಳು ವೈರಾಣುವನ್ನು ಹೊತ್ತು ತರಬಲ್ಲವು, ನಿಜ. ಆದರೆ ಅದು ಬೇಗ ಹಬ್ಬುವುದು ಕೋಳಿಗಳನ್ನು ಒತ್ತೊತ್ತಾಗಿ ತುಂಬಿದ ಫಾರಂ, ಸಂತೆಗಳಲ್ಲಿ. ಓಡಿಸಿದ ಹಕ್ಕಿ ಇನ್ನೊಂದು ಕೆರೆಗೆ ಹೋದೀತು. ನಾವೆಸೆದ ಕೋಳಿ ನಮ್ಮಲ್ಲೇ ಕೊಳೆಯುತ್ತದೆ.

ಕೋಳಿಗಳು ಗುಂಪಾಗಿ ಸತ್ತರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸೋಣ. ಒಂದೆರಡು ಸತ್ತರೂ ಮೂಗು ಬಾಯಿಗೆ ಬಟ್ಟೆ ಕಟ್ಟಿ, ಬರಿಗೈಯಲ್ಲಿ ಹಿಡಿಯದೆ, ಕೆರೆಬಾವಿಗಳಿಂದ ದೂರ, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳೋಣ. ಬೆಕ್ಕಿಗೆ ಹಸಿ ಮಾಂಸ, ಕರುಳು ಹಾಕದಿರೋಣ. ಚೆನ್ನಾಗಿ ಬೇಯಿಸಿದರೆ ವೈರಾಣು ಉಳಿಯದು. ಕಾಯಿಲೆಯ ಬೆಕ್ಕನ್ನು ಮಕ್ಕಳು ಎತ್ತಿಕೊಳ್ಳದಿರಲಿ. ಮುಂದಿನ ಗ್ರಾಮಸಭೆಯಲ್ಲಿ ವಿದ್ಯಾರ್ಥಿ ಮಿತ್ರರು ಎದ್ದು ನಿಂತು ಒಂದೇ ಪ್ರಶ್ನೆ ಕೇಳಲಿ: ನಮ್ಮೂರ ಕೋಳಿತ್ಯಾಜ್ಯ ಹೋಗುವುದೆಲ್ಲಿಗೆ?