ದೂರದ ಬೆಟ್ಟವೂ ತೋಟದ ಮನೆಯೂ

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ನಮ್ಮ ತೂಬಗೆರೆಯ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಾಕಳಿದುರ್ಗವನ್ನು ಹತ್ತಿದವನಿಗೇ ಗೊತ್ತು ಅಲ್ಲಿನ ಕಲ್ಲುಮುಳ್ಳು. ಈಚೆಗೆ ಪಟ್ಟಣದ ವಿದ್ಯಾವಂತರಲ್ಲಿ ಅನೇಕರಿಗೆ, ಹಳ್ಳಿಯ ಕಡೆ ಎರಡೆಕರೆ ನೆಲ ಕೊಂಡು, ಕರೆಂಟು ಕಂಬದ ಹಂಗಿಲ್ಲದೆ, ನಲ್ಲಿಯ ಹಂಗಿಲ್ಲದೆ ಬಾಳಬೇಕೆಂಬ ಆಸೆ ಹುಟ್ಟಿದೆ. ‘ಆಫ್ ಗ್ರಿಡ್’ ಜೀವನವೆಂದು ಅದಕ್ಕೆ ಹೆಸರು. ನಮ್ಮ ತರಗತಿಯಲ್ಲಿ ಥೋರೋ ಮಹಾಶಯನ ಮಾತು ಬಂದಾಗ ಮಿತ್ರರು ಕೆಲವರು ‘ಆಹಾ, ಬಾಳೆಂದರೆ ಅದು!’ ಎಂದರು. ನಾನು ಸುಮ್ಮನಿದ್ದೆ. ಅಂದು ಆಡದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಅಂಥ ಮನೆಯಲ್ಲಿಯೇ ಬೆಳೆದವನು. ನಾವು ಅದನ್ನು ಬಯಸಿ ಹೋದವರಲ್ಲ. ಅಣ್ಣತಮ್ಮಂದಿರ ಪಾಲಾದಾಗ ಊರಿನ ಮನೆ ದೊಡ್ಡಪ್ಪನಿಗೆ ಹೋಯಿತು. ಅಪ್ಪನಿಗೆ ಬಂದದ್ದು ಊರಾಚೆಯ ಹೊಲ. ಅಲ್ಲಿಯೇ ಶೀಟಿನ ಮನೆ ಎದ್ದಿತು. ಕಂಬ ನೆಡಿಸಿ ತಂತಿ ಎಳೆಸುವಷ್ಟು ಹಣ ನಮ್ಮಲ್ಲಿರಲಿಲ್ಲ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು ಎಂದು ಪಾಠದಲ್ಲಿ ಓದುವಾಗ ನನ್ನ ಮುಂದೆ ಇದ್ದದ್ದು ಸೀಮೆಎಣ್ಣೆಯ ಬುಡ್ಡಿ.

ಆಮೇಲೆ ಸಾಲ ಮಾಡಿ ಸೋಲಾರ್ ಹಾಕಿಸಿದೆವು. ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಬೇಕು. ಅದನ್ನು ತರಲು ದೊಡ್ಡಬಳ್ಳಾಪುರಕ್ಕೆ ಹೋಗಬೇಕು. ‘ನೀರು ನೀರೇ ಅಲ್ಲವೇನೋ?’ ಎಂದು ಅಪ್ಪ ಬೋರ್‌ವೆಲ್ಲಿನ ನೀರನ್ನು ಸುರಿದರು. ಆ ನೀರಿನ ಲವಣವೆಲ್ಲ ಒಳಗಿನ ಸೀಸದ ಫಲಕಗಳನ್ನು ಕೆಡಿಸಿತು. ಬ್ಯಾಟರಿ ಸತ್ತಿತು, ಸಾಲ ಮಾತ್ರ ಬದುಕಿ ಉಳಿಯಿತು. ಗೋಬರ್ ಗ್ಯಾಸಿನ ಕಥೆಯೂ ಇಂಥದೇ. ಒಂದು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 25 ಕಿಲೋ ಸಗಣಿ ಬೇಕು. 2023ರ ಬರಗಾಲದಲ್ಲಿ ಮೇವಿಲ್ಲದೆ, ಇದ್ದ ಜೋಡಿಯನ್ನು ಘಾಟಿಯ ದನಗಳ ಜಾತ್ರೆಗೆ ಹೊಡೆದುಕೊಂಡು ಹೋದೆವು. ದನ ಹೋದ ಮೇಲೆ ಸಗಣಿ ಎಲ್ಲಿಯದು? ಒಲೆ ಮತ್ತೆ ಸೌದೆಗೆ ಬಂತು, ಅವ್ವನ ಕಣ್ಣು ಮತ್ತೆ ಹೊಗೆಗೆ ಬಂತು. ಸೂರಿನ ಮಳೆನೀರು ಹಿಡಿಯಲು ಗುಂಡಿ ತೋಡಿ ಟಾರ್ಪಾಲು ಹಾಸಿದೆವು. ಹೆಗ್ಗಣಗಳು ಅದನ್ನು ಒಂದೇ ಬೇಸಗೆಯಲ್ಲಿ ಜರಡಿ ಮಾಡಿದವು.

ಇವೆಲ್ಲ ನಕ್ಕು ಮರೆಯಬಹುದಾದವು. ಮರೆಯಲಾಗದ್ದು ಒಂದುಂಟು. ಮುಂದಿನ ಮಳೆಗಾಲದ ಒಂದು ರಾತ್ರಿ ಕೊಟ್ಟಿಗೆಗೆ ಹೋದ ಅವ್ವನ ಕಾಲಿಗೆ ಮಂಡಲದ ಹಾವು ಕಚ್ಚಿತು. ದೀಪವಿಲ್ಲ. 108ಕ್ಕೆ ಕರೆ ಮಾಡೋಣವೆಂದರೆ ಫೋನು ಎರಡು ದಿನದಿಂದ ಚಾರ್ಜಿಲ್ಲದೆ ಬಿದ್ದಿತ್ತು. ನಾವು ತಿಳಿಯದೆ ಕಾಲಿಗೆ ಹರಕು ಸೀರೆ ಬಿಗಿದೆವು. ನಾನು ಕತ್ತಲಲ್ಲಿ ಬದುಗಳನ್ನು ಹಾರುತ್ತ ಓಡಿ ತಟ್ಟಿದ್ದು, ಪಾಲಾದ ದಿನದಿಂದ ಅಪ್ಪ ಮಾತು ಬಿಟ್ಟಿದ್ದ ದೊಡ್ಡಪ್ಪನ ಬಾಗಿಲನ್ನೇ. ಅವರು ‘ಯಾರ್ಲಾ ಅದು?’ ಎಂದರು, ವಿಷಯ ಕೇಳಿದ ಮೇಲೆ ಮತ್ತೊಂದು ಮಾತಾಡದೆ ಗಾಡಿ ತೆಗೆದರು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಗದರಿದ್ದು ಆ ಬಿಗಿದ ಕಟ್ಟನ್ನು ನೋಡಿ. ಅವ್ವ ಉಳಿದರು. ಕಾಲು ಇನ್ನೂ ನೋಯುತ್ತದೆ.

ಇಷ್ಟೆಲ್ಲ ಬರೆದದ್ದು ಅನುಕಂಪ ಬೇಡುವುದಕ್ಕಲ್ಲ. ನನ್ನ ವಾದವಿಷ್ಟೆ: ಸ್ವಾವಲಂಬನೆಯೆಂದರೆ ಒಂಟಿತನವೆಂದು ತಿಳಿಯುವುದು ತಪ್ಪು. ಥೋರೋ 1845ರಿಂದ 1847ರವರೆಗೆ ವಾಲ್ಡನ್ ಕೊಳದ ದಡದಲ್ಲಿದ್ದ, ನಿಜ. ಗುಡಿಸಲಿನ ನೆಲ ಗೆಳೆಯ ಎಮರ್ಸನ್ನನದು; ತಾಯಿಯ ಮನೆ ಎರಡು ಮೈಲಿಯೊಳಗೆ. ಅದರ ಹಿಂದಿನ ವರ್ಷ 1844ರಲ್ಲಿ ಅವನು ಅಡಿಗೆಗೆ ಹೊತ್ತಿಸಿದ ಬೆಂಕಿ ಕೈಮೀರಿ ಕಾಡನ್ನು ಸುಟ್ಟಾಗ, ಅದನ್ನು ಆರಿಸಿದವರು ಊರಿನ ಜನರೇ. ಇದರಿಂದ ಅವನ ಹಿರಿಮೆಗೆ ಕುಂದಿಲ್ಲ. ಆದರೆ ಬೇಡವಾದಾಗ ಹಿಂದಿರುಗಲು ಮನೆಯಿರುವವನ ಬಡತನ ಬೇರೆ, ನಮ್ಮದು ಬೇರೆ.

ಹಾಗೆಂದು ನೆಲದ ಬಾಳೇ ಬೇಡವೆ? ನಾನು ಹಾಗೆನ್ನಲಾರೆ. ನಮ್ಮ ತಾಲ್ಲೂಕಿನ ಮರೇನಹಳ್ಳಿಯಲ್ಲಿ ಸಾವಯವ ತೋಟ ಕಟ್ಟಿದ, 2019ರಲ್ಲಿ ನಮ್ಮನ್ನು ಅಗಲಿದ ಎಲ್. ನಾರಾಯಣ ರೆಡ್ಡಿಯವರು ಮೊದಲು ರಾಸಾಯನಿಕ ಬೇಸಾಯ ಮಾಡಿ ಕೈಸುಟ್ಟುಕೊಂಡು, ಅನಂತರ ದಾರಿ ಬದಲಿಸಿದವರು. ಕಲಿತದ್ದನ್ನು ತೋಟಕ್ಕೆ ಬಂದವರಿಗೆಲ್ಲ ಹೇಳಿಕೊಟ್ಟರು. ತನ್ನ ಸೋಲನ್ನು ನಾಲ್ಕು ಜನಕ್ಕೆ ಹೇಳಿಕೊಳ್ಳುವವನಿಂದ ಊರಿಗೆ ಉಪಕಾರವಾಗುತ್ತದೆ.

ಆದುದರಿಂದ ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನದೊಂದು ವಿನಂತಿ. ನಮ್ಮ ಎನ್.ಎಸ್.ಎಸ್. ಶಿಬಿರಗಳಲ್ಲಿ ರಸ್ತೆ ಗುಡಿಸುವ ಕೆಲಸದ ಜೊತೆಗೆ, ಬ್ಯಾಟರಿಗೆ ಯಾವ ನೀರು ಹಾಕಬೇಕು, ಹಾವು ಕಚ್ಚಿದರೆ ಕಟ್ಟು ಬಿಗಿಯದೆ, ಗಾಯ ಕೊಯ್ಯದೆ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ಊರಾಚೆಯ ತೋಟದ ಮನೆಗಳಿಗೆ ಹೋಗಿ ಹೇಳೋಣ. 2024ರಲ್ಲಿ ನಮ್ಮ ಸರ್ಕಾರ ಹಾವುಕಡಿತದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಬೇಕೆಂದು ಗೊತ್ತುಪಡಿಸಿತು. ವರದಿ ಆಸ್ಪತ್ರೆಯವರ ಕೆಲಸ. ಅಲ್ಲಿಯವರೆಗೆ ಜೀವ ಉಳಿಸುವುದು ನೆರೆಹೊರೆಯವರ ಕೆಲಸ.

‘ಓದಿ ಇಲ್ಲಿಂದ ಪಾರಾಗಪ್ಪ’ ಎನ್ನುತ್ತಾರೆ ಅಪ್ಪ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಅವರ ಆಸೆ ಸಹಜ. ಎಲ್ಲಿಗೆ ಹೋಗುವೆನೋ ನಾನರಿಯೆ. ಆದರೆ ಹೋಗುವ ಮುನ್ನ ಮನೆಗೊಂದು ಹೊಸ ಬ್ಯಾಟರಿ ಕೊಡಿಸಬೇಕೆಂದಿದ್ದೇನೆ. ದೊಡ್ಡಪ್ಪ ಈಗ ಹಬ್ಬಕ್ಕೆ ನಮ್ಮ ಮನೆಗೆ ಬರುತ್ತಾರೆ.